ಟರ್ಕಿಯಲ್ಲಿ ಕಾರಹುಣ್ಣಿಮೆ, ಇಂಗ್ಲಿಷ್ ಬಲ್ಲ ಡಾಕ್ಟರು

ಪರದೇಶಕ್ಕೆ ಹೋಗಿ ಬಂದವರನ್ನು ವಿಜಯಪುರದ ನಮ್ಮ ಜೋರಾಪುರ ಪೇಟೆಯಲ್ಲಿ ಸುಮ್ಮನೆ ಬಿಡುವುದಿಲ್ಲ. ಅಕ್ಟೋಬರಿನಲ್ಲಿ ನಾನು ತವರಿಗೆ ಬಂದ ದಿನವೇ ಓಣಿಯ ಹೆಣ್ಣುಮಕ್ಕಳೆಲ್ಲ ಕಟ್ಟೆಗೆ ಬಂದು ಕೂತರು. ಐದು ತಿಂಗಳು ಟರ್ಕಿಯಲ್ಲಿದ್ದೆಯಲ್ಲ, ಏನೇನು ನೋಡಿದೆ ಎಂದು ಕೇಳಿದರು. ಸಮುದ್ರ ನೋಡಿದೆ, ದೊಡ್ಡ ದೊಡ್ಡ ಗುಮ್ಮಟ ನೋಡಿದೆ ಎಂದೆ. ಗುಮ್ಮಟ ಎಂದೊಡನೆ ಅವರ ಆಸಕ್ತಿ ಇಳಿದುಹೋಯಿತು. ಗೋಳಗುಮ್ಮಟದ ಬಗಲಲ್ಲೇ ಕಾಯಿಪಲ್ಲೆ ತರುವವರಿಗೆ ಇನ್ನೊಂದು ಊರಿನ ಗುಮ್ಮಟದ ಸುದ್ದಿ ಯಾಕೆ ಬೇಕು?

"ಮತ್ತೇನ್ ನೋಡ್ದಿ ಹೇಳವಾ" ಎಂದಳು ಎದುರು ಮನೆಯ ಅಜ್ಜಿ.

"ಡಾಕ್ಟರನ್ನ ನೋಡೀನಿ, ಅಜ್ಜಿ. ಊರೂರು ತಿರುಗಿ ನೋಡೀನಿ" ಎಂದೆ.

ಆಗ ಎಲ್ಲರೂ ಹತ್ತಿರ ಸರಿದು ಕೂತರು. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆಯುತ್ತಿದ್ದೇನೆ.

ನಮ್ಮವರದು ತಿಕೋಟಾದಲ್ಲಿ ದ್ರಾಕ್ಷಿ ತೋಟ, ಜೊತೆಗೆ ಒಣದ್ರಾಕ್ಷಿ ಮಾಡುವ ಶೆಡ್ಡು. ಟರ್ಕಿಯ ಮನಿಸಾ ಎಂಬ ಊರಿನ ಸುತ್ತಲೂ ದ್ರಾಕ್ಷಿಯೇ ಬೆಳೆ. ನಮ್ಮ ಹಂಗಾಮು ಮುಗಿಯುವ ಹೊತ್ತಿಗೆ ಅವರದು ಬಳ್ಳಿ ಚಿಗುರುತ್ತಿರುತ್ತದೆ. ಅಲ್ಲಿಯ ಒಂದು ಕಾರ್ಖಾನೆಯವರು, ನೀವು ನಮ್ಮಲ್ಲಿ ಒಂದು ಹಂಗಾಮು ಇದ್ದು ನಮ್ಮ ಕೆಲಸ ನೋಡಿ, ನಿಮ್ಮ ಕೆಲಸ ನಮಗೆ ಹೇಳಿಕೊಡಿ ಎಂದು ನಮ್ಮವರನ್ನು ಕರೆದರು. ಮಗಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಅತ್ತೆಯವರೇ, ನೀನೂ ಹೋಗು, ಅಲ್ಲಿ ಅವನಿಗೆ ರೊಟ್ಟಿ ಮಾಡಿ ಹಾಕುವವರು ಯಾರು ಎಂದು ನನ್ನನ್ನೂ ಹೊರಡಿಸಿದರು. ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಕಟ್ಟಕಡೆಗೆ ಅರಿಷಿಣ ಹಚ್ಚಿದ ಒಂದು ದಾರದ ಉಂಡಿ ಇಟ್ಟರು. ಈ ಕಥೆಯೆಲ್ಲ ಆ ಉಂಡಿಯದು.

ಎಮಿನೆಯಕ್ಕನ ಅಂಗಳ

ಮನಿಸಾದ ಹೊರಗೆ ಒಂದು ಹಳ್ಳಿಯಲ್ಲಿ ನಮಗೆ ಮಹಡಿಯ ಮನೆ ಕೊಟ್ಟಿದ್ದರು. ಕೆಳಗೆ ಮನೆಯೊಡತಿ ಎಮಿನೆ, ಆಕೆಯ ಮಗಳು ಜೆಯ್ನೆಪ್. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬರುತ್ತಿದ್ದ. ಎಮಿನೆ ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಅಲ್ಲಿ ಅಕ್ಕನಿಗೆ ಆಬ್ಲಾ ಎನ್ನುತ್ತಾರೆ. ನಾನು ಮಾತ್ರ ಎಮಿನೆಯಕ್ಕ ಎಂದೇ ಕರೆದೆ, ಆಕೆ ಅದಕ್ಕೇ ಓಗೊಟ್ಟಳು. ನನ್ನ ಹೆಸರು ಸುನಂದಾ. ಆ ಹೆಸರಿನ ಹಿಂದೆ ಆಕೆ ಹನಿಮ್ ಎಂದು ಸೇರಿಸುತ್ತಿದ್ದಳು, ನಮ್ಮಲ್ಲಿ ಬಾಯಿ ಎಂದು ಸೇರಿಸಿದ ಹಾಗೆ.

ನನಗೆ ಅವರ ಭಾಷೆಯ ನಲವತ್ತು ಶಬ್ದ ಬರುತ್ತಿದ್ದವು. ಆಕೆಗೆ ಇಂಗ್ಲಿಷಿನ ಎರಡು ಶಬ್ದ. ಉಳಿದದ್ದನ್ನು ಕೈ, ಹುಬ್ಬು, ಫೋನು ಹೇಳುತ್ತಿದ್ದವು. ಆದರೆ ಎಮಿನೆಯಕ್ಕನ ದನಿ ಏರುವುದು ಇಳಿಯುವುದು ಥೇಟ್ ನಮ್ಮ ತಿಕೋಟಾದ ಹೆಣ್ಣುಮಕ್ಕಳ ಹಾಗೆ. ಹಾಗಾಗಿ ಆಕೆಯ ಮಾತನ್ನು ನನ್ನ ಕಿವಿಗೆ ಬಿದ್ದಂತೆ ತಿಕೋಟಾದ ಮಾತಿನಲ್ಲೇ ಬರೆಯುತ್ತೇನೆ.

ಅವರೂ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಾರೆ. ಆದರೆ ಬಿಟ್ಟ ಮೇಲೆ ಬರಿಗಾಲಲ್ಲಿ ಬಿಡುವುದಿಲ್ಲ, ಒಳಗೆ ಹಾಕಿಕೊಳ್ಳಲು ಇನ್ನೊಂದು ಜೋಡು ಕೊಡುತ್ತಾರೆ. ಬೇಡ, ಇಲ್ಲ ಎನ್ನುವುದಕ್ಕೆ ಬಾಯಿಂದ ಮಾತೇ ಬರುವುದಿಲ್ಲ. ಹುಬ್ಬು ಮೇಲೇರುತ್ತದೆ, ನಾಲಿಗೆ ಒಮ್ಮೆ 'ಚ್' ಎನ್ನುತ್ತದೆ. ನಾನು ಮೊದಲ ವಾರ ಅದನ್ನು ಸಿಟ್ಟು ಎಂದುಕೊಂಡು ಅಂಜುತ್ತಿದ್ದೆ.

ಜೆಯ್ನೆಪ್‌ಳ ಮದುವೆ ಜೂನ್ ಕೊನೆಗೆ ಇತ್ತು. ಅವರಲ್ಲೂ ಮದುವೆಗೆ ಮುಂಚೆ ಮೆಹಂದಿಯ ಶಾಸ್ತ್ರ ಇದೆ. ಆದರೆ ಚಿತ್ರ ಬರೆಯುವುದಿಲ್ಲ, ಅಂಗೈಯಲ್ಲಿ ಒಂದು ಮುದ್ದೆ ಇಟ್ಟು ಬಟ್ಟೆ ಕಟ್ಟುತ್ತಾರೆ. ಜೆಯ್ನೆಪ್ ನನ್ನ ಫೋನಿನಲ್ಲಿ ನಮ್ಮ ನಾದಿನಿಯ ಮಗಳ ಮದುವೆಯ ಚಿತ್ರ ನೋಡಿದವಳು, ಮೊಣಕೈತನಕ ಬಳ್ಳಿ ಹಬ್ಬಿದ ಆ ಕೈ ನೋಡಿ ಫೋನನ್ನು ಕೆಳಗಿಡಲೇ ಇಲ್ಲ. ಅದನ್ನು ಬರೆದವಳು ನಾನೇ ಎಂದು ತಿಳಿದ ಮೇಲಂತೂ ಮುಗಿದೇ ಹೋಯಿತು. ತನ್ನ ಕೈಗೂ ನಾನೇ ಹಚ್ಚಬೇಕು ಎಂದು ಹಟ ಹಿಡಿದಳು. ಹೂಂ ಎಂದೆ. ಅಲ್ಲಿಯವರೆಗೆ ಆ ಊರಿನಲ್ಲಿ ನಾನು ದ್ರಾಕ್ಷಿ ನೋಡಲು ಬಂದವನ ಹೆಂಡತಿ ಅಷ್ಟೇ. ಮರುದಿನ ಬೇಕರಿಗೆ ಹೋದರೆ, ಮೆಹಂದಿ ಹಚ್ಚುವವಳು ಎಂದು ಬಿಸಿ ಬ್ರೆಡ್ಡು ಆರಿಸಿ ಕೊಟ್ಟರು. ನನಗೇ ಎಂದು ಒಂದು ಕೆಲಸ ಬಂದಿತ್ತು. ಅದರ ಸಂತೋಷ ಮನೆಯಲ್ಲೇ ಇರುವ ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತಾಗುತ್ತದೆ.

ಅಷ್ಟರಲ್ಲಿ ಕಾರಹುಣ್ಣಿಮೆ ಬಂತು. ನಮ್ಮ ಕಡೆ ಗಂಡಸರು ಎತ್ತುಗಳ ಹಿಂದೆ ಓಡುವ ದಿನ ನಾವು ಆಲದ ಗಿಡಕ್ಕೆ ದಾರ ಸುತ್ತುತ್ತೇವೆ, ಗಂಡನ ಆಯುಷ್ಯಕ್ಕೆ. ಪ್ರತಿವರ್ಷ ಅತ್ತೆ ನಾನು ಬಬಲೇಶ್ವರದ ನಾದಿನಿಯ ಮನೆಗೆ ಹೋಗಿ ಅಲ್ಲಿಯ ರಸ್ತೆ ಬದಿಯ ಆಲಕ್ಕೆ ಸುತ್ತುವುದು ರೂಢಿ. ಮನಿಸಾದಲ್ಲಿ ಆಲ ಎಲ್ಲಿಂದ ತರಲಿ? ಅತ್ತೆಯವರು ಫೋನಿನಲ್ಲಿ ದಾರಿ ತೋರಿಸಿದರು.

"ಆಲದ ಗಿಡ ಇಲ್ಲಂದ್ರ ಏನಾತು? ಮುರದ್ರ ಹಾಲು ಬರೂ ಗಿಡಾ ನೋಡು. ಅದು ಅದರ ಬಳಗದ್ದ ಇರ್ತೈತಿ. ದಾರಾ ಮಾತ್ರ ತಪ್ಪಸಬ್ಯಾಡ."

ಎಮಿನೆಯಕ್ಕನ ಅಂಗಳದ ಮೂಲೆಯಲ್ಲಿ ಒಂದು ಅಂಜೂರದ ಗಿಡ ಇತ್ತು. ಹುಣ್ಣಿಮೆಯ ಬೆಳಿಗ್ಗೆ ಕೆಳಗಿನವರು ಏಳುವ ಮುಂಚೆ ಸೀರೆ ಉಟ್ಟು, ಸಣ್ಣ ತಾಟಿನಲ್ಲಿ ಕುಂಕುಮ ಅಕ್ಕಿಕಾಳು ಇಟ್ಟುಕೊಂಡು ಇಳಿದೆ. ಒಂದು ಎಲೆ ಮುರಿದೆ. ಹಾಲು ತೊಟ್ಟಿಕ್ಕಿತು. ನನಗಾದ ಹಿಗ್ಗು ಹೇಳತೀರದು. ಇನ್ನೂ ಖಾತ್ರಿಯಾಗಲಿ ಎಂದು ಮತ್ತೆರಡು ಎಲೆ ಮುರಿದೆ. ಆ ಹಾಲನ್ನು ತೀರ್ಥದಂತೆ ಎರಡೂ ಕೈಗೆ ಸವರಿಕೊಂಡೆ. ಕೊಂಬೆಗಳು ಬಹಳ ಕೆಳಗೆ ಬಾಗಿದ್ದರಿಂದ ಬಗ್ಗಿ, ಎಲೆಗಳ ನಡುವೆ ತೋಳು ತೂರಿಸಿ, ಏಳು ಸುತ್ತು ದಾರ ಸುತ್ತಿದೆ. ಅಂಜೂರದ ಎಲೆ ಬೆಕ್ಕಿನ ನಾಲಿಗೆಯಷ್ಟು ಒರಟು. ಯಾರೂ ನೋಡಲಿಲ್ಲ ಎಂದುಕೊಂಡು ಮೇಲೆ ಹೋದೆ. ಆಮೇಲೆ ಮಧ್ಯಾಹ್ನದತನಕ ಎಮಿನೆಯಕ್ಕನ ಜೊತೆ ತೋಟದ ಬಿಸಿಲಿನಲ್ಲಿ ನಿಂತು ದ್ರಾಕ್ಷಿಯ ಎಳೆ ಎಲೆ ಬಿಡಿಸಿದೆ. ಅವರು ಆ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸುತ್ತಾರೆ; ಮದುವೆಗೆಂದು ಉಪ್ಪುನೀರಿನ ಭರಣಿಗಳಲ್ಲಿ ತುಂಬಿಡುವ ಕೆಲಸ ನಡೆದಿತ್ತು.

ಮೂರನೇ ದಿನ

ಎರಡನೇ ದಿನ ಸಂಜೆ ಕೈ ಚುರುಗುಟ್ಟಿತು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಮುಂಗೈ ಕೆಂಪಗಾಗಿ, ಹಪ್ಪಳದ ಮೇಲೆ ಏಳುವ ಹಾಗೆ ಗುಳ್ಳೆ ಎದ್ದಿದ್ದವು. ಬಲಗೈಯ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಂತೂ ಒಂದು ದೊಡ್ಡ ಗುಳ್ಳೆ. ಮೆಹಂದಿಯ ಕೋನು ಹಿಡಿಯುವ ಜಾಗ ಅದೇ.

ನಮ್ಮವರು ಕನ್ನಡಕ ಹಾಕಿಕೊಂಡು, ದ್ರಾಕ್ಷಿ ಗೊಂಚಲು ನೋಡುವ ಹಾಗೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. "ಎಲೀಗೆ ಔಷಧಿ ಹೊಡದಿರ್ತಾರ. ಮೊನ್ನಿ ಬಿಡಿಸೀದಿಯಲ್ಲಾ, ಅದರದ ಇದು" ಎಂದರು. ತಿಕೋಟಾದ ದ್ರಾಕ್ಷಿಯವರಿಗೆ ಜಗತ್ತಿನ ಎಲ್ಲ ರೋಗಕ್ಕೂ ಕಾರಣ ಒಂದೇ, ಯಾರೋ ಏನೋ ಹೊಡೆದಿರುತ್ತಾರೆ.

ಅವರು ಆ ಮಾತನ್ನು ಕಾರ್ಖಾನೆಯಲ್ಲಿ ಹೇಳಿದರು. ನಾನು ಹೇಳುವ ಮುಂಚೆಯೇ ಅದು ಎಮಿನೆಯಕ್ಕನಿಗೆ ತಲುಪಿತು. ಸಂಜೆ ನೀರು ತರಲು ಇಳಿದಾಗ ನೋಡಿದೆ, ಅಡಿಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದ ಎಲೆಯ ಭರಣಿಗಳು ಅಲ್ಲಿರಲಿಲ್ಲ. ಹಿತ್ತಲಿನ ಗೋಡೆಯ ಪಕ್ಕ, ಚೀಲ ಮುಚ್ಚಿಕೊಂಡು ಕೂತಿದ್ದವು. ಮದುವೆಯ ಊಟಕ್ಕೆಂದು ತಿಂಗಳು ದುಡಿದ ದುಡಿಮೆ. ಆ ಎಲೆಯನ್ನೇ ಬಿಡಿಸಿದ ಆಕೆಯ ಕೈಗೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಆದರೂ ಪರದೇಶದವಳಿಗೆ ತನ್ನ ಮನೆಯಲ್ಲಿ ಹೀಗಾಯಿತಲ್ಲ ಎಂಬ ಸಂಕೋಚ.

ಆ ಸಂಜೆಯೇ ಎಮಿನೆಯಕ್ಕನ ಬೀಗತಿ, ಜೆಯ್ನೆಪ್‌ಳ ಅತ್ತೆಯಾಗುವವಳು, ಬಂದಿದ್ದಳು. ಚಹಾ ಕೊಡಲು ನಾನು ಕೈ ಚಾಚಿದೆ. ಆಕೆ ನನ್ನ ಕೈ ನೋಡಿ, ಗ್ಲಾಸನ್ನು ತಟ್ಟೆಯ ಅಂಚಿನಿಂದ ಹುಷಾರಾಗಿ ಎತ್ತಿಕೊಂಡಳು. ಕುಡಿಯಲಿಲ್ಲ. ಹೋಗುವಾಗ ಎಮಿನೆಯಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಭಾಷೆ ಬರದಿದ್ದರೂ ಅದೇನೆಂದು ತಿಳಿಯಿತು. ಇದು ಅಂಟುವ ರೋಗವಾದರೆ ಈ ಕೈ ಮದುವಣಗಿತ್ತಿಯನ್ನು ಮುಟ್ಟಬಾರದು. ನಾನಾದರೂ ಅದನ್ನೇ ಹೇಳುತ್ತಿದ್ದೆ.

ಮೆಹಂದಿಗೆ ಇನ್ನು ಹನ್ನೊಂದು ದಿನ ಇತ್ತು.

ಕಾರ್ಖಾನೆಯಲ್ಲಿ ಇಂಗ್ಲಿಷ್ ಬಲ್ಲ ಹುಡುಗನೊಬ್ಬ ಇದ್ದಾನೆ, ಅವನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗು ಎಂದರು ನಮ್ಮವರು. ನನಗೆ ಮನಸ್ಸಾಗಲಿಲ್ಲ. ನನ್ನ ತುರಿಕೆಯನ್ನು ಪರಗಂಡಸು ಇನ್ನೊಬ್ಬರಿಗೆ ಬಿಡಿಸಿ ಹೇಳುವುದನ್ನು ಕೇಳುತ್ತ ಕೂರುವುದು ಹೇಗೆ? ವಿಜಯಪುರದ ಕಾನ್ವೆಂಟಿನಲ್ಲಿ ಹತ್ತು ವರ್ಷ ಇಂಗ್ಲಿಷ್ ಕಲಿತವಳು ನಾನು. ಇಂಗ್ಲಿಷ್ ಬರುವ ಚರ್ಮದ ಡಾಕ್ಟರು ಸಿಕ್ಕರೆ ಸಾಕು, ನಾನೇ ಹೇಳಿಕೊಳ್ಳುತ್ತೇನೆ ಎಂದೆ. ಅಷ್ಟು ವರ್ಷ ಕಲಿತದ್ದನ್ನು ಗ್ಯಾಸ್ ಏಜೆನ್ಸಿಯ ಫಾರ್ಮು ತುಂಬಲು ಬಿಟ್ಟರೆ ಯಾವುದಕ್ಕೂ ಬಳಸಿರಲಿಲ್ಲ ಎಂಬ ಒಳಗಿನ ಕೊರಗೂ ಇತ್ತೇನೋ.

ಔಷಧದಂಗಡಿ

ಎಮಿನೆಯಕ್ಕ ನನ್ನನ್ನು ಮೊದಲು ಪೇಟೆಯ ಔಷಧದಂಗಡಿಗೆ ಕರೆದುಕೊಂಡು ಹೋದಳು. ಹೋದದ್ದು ಸಣ್ಣ ಬಸ್ಸಿನಲ್ಲಿ. ಅದು ನಮ್ಮ ತಿಕೋಟಾದ ಟಂಟಂ ಹಾಗೆಯೇ, ಕೈ ಎತ್ತಿದಲ್ಲಿ ನಿಲ್ಲುತ್ತದೆ, ತುಂಬುವತನಕ ಹೊರಡುವುದಿಲ್ಲ. ವ್ಯತ್ಯಾಸವೆಂದರೆ ಒಳಗೆ ಯಾರೂ ಜಗಳ ಆಡುವುದಿಲ್ಲ.

ಅಂಗಡಿಯವನು ಬೆಳ್ಳಗಿನ ಮೀಸೆಯ ಸಜ್ಜನ. ಪರದೇಶದವಳು ಎಂದು ಗೊತ್ತಾಗುತ್ತಲೇ ಮುಖ ಅರಳಿಸಿಕೊಂಡು ಸರಾಗವಾಗಿ ಮಾತಾಡಲು ಶುರು ಮಾಡಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನನ್ನ ಇಂಗ್ಲಿಷ್ ಇಷ್ಟು ಕೆಟ್ಟುಹೋಯಿತೇ ಎಂದುಕೊಂಡೆ. ಆಮೇಲೆ ತಿಳಿಯಿತು, ಅವನು ಆಡುತ್ತಿದ್ದುದು ಜರ್ಮನ್. ಪ್ರಾಯದಲ್ಲಿ ಜರ್ಮನಿಯಲ್ಲಿ ದುಡಿದು ಬಂದವನಂತೆ. ಪರದೇಶದವರೆಲ್ಲರಿಗೂ ಜರ್ಮನ್ ಬರುತ್ತದೆ ಎಂದು ಅವನ ನಂಬಿಕೆ.

ನನ್ನ ಮಣಿಕಟ್ಟು ಹಿಡಿದು ಗುಳ್ಳೆಯ ಬದಿಗೆ ಮೆಲ್ಲಗೆ ಒತ್ತಿದ, ನೋವಿದೆಯೇ ಎಂದು ಕಣ್ಣಿನಲ್ಲೇ ಕೇಳಿದ. ನಾನು ನಮ್ಮ ಕಡೆ ಹೌದು ಹೌದು ಎನ್ನಲು ಮಾಡುವಂತೆ ಕತ್ತನ್ನು ಆ ಕಡೆ ಈ ಕಡೆ ತೂಗಿದೆ. ಅವನು ಅದನ್ನು ಇಲ್ಲ ಎಂದುಕೊಂಡು ಇನ್ನೂ ಗಟ್ಟಿಯಾಗಿ ಒತ್ತಿದ. ನಾನು ಇನ್ನೂ ಜೋರಾಗಿ ತೂಗಿದೆ. ಅವನು ಇನ್ನೂ ಒತ್ತಿದ. ನನ್ನ ಕಣ್ಣಲ್ಲಿ ನೀರು ಬಂದ ಮೇಲೆ ಎಮಿನೆಯಕ್ಕ ಅವನ ಕೈಯ ಮೇಲೆ ಒಂದು ಪೆಟ್ಟು ಕೊಟ್ಟು ಬಿಡಿಸಿದಳು.

ಪಾಪ, ಅವನಿಗೆ ಬಹಳ ನಾಚಿಕೆಯಾಯಿತು. ಕ್ಷಮೆ ಕೇಳುವ ಸಲುವಾಗಿ ಅಲ್ಲಿಯ ಮರ್ಯಾದೆಯಂತೆ ನಿಂಬೆ ವಾಸನೆಯ ಕಲೋನಿನ ಬಾಟಲಿ ತೆಗೆದ. ಅತಿಥಿಗಳ ಕೈಗೆ ಅದನ್ನು ಸುರಿಯದೆ ಅವರಲ್ಲಿ ಯಾವ ಭೇಟಿಯೂ ಮುಗಿಯುವುದಿಲ್ಲ, ನಾವು ಅರಿಷಿಣ ಕುಂಕುಮ ಕೊಟ್ಟು ಕಳಿಸಿದ ಹಾಗೆ. ನಾನು ಬೇಡ ಎನ್ನುವಷ್ಟರಲ್ಲಿ ಎರಡೂ ಕೈಗೆ ಸುರಿದುಬಿಟ್ಟ. ಸಾರಾಯಿಯಂಥ ಆ ನೀರು ಗುಳ್ಳೆಗಳ ಮೇಲೆ ಇಳಿದಾಗ ನಾನು ಆ ಅಂಗಡಿಯಲ್ಲಿ ಕುಣಿದ ಕುಣಿತವನ್ನು ಮದುವೆಯಾದ ಮೇಲೆ ಎಂದೂ ಕುಣಿದಿರಲಿಲ್ಲ.

ಹೊರಡುವಾಗ ಅವನು ಒಂದು ಚೀಟಿ ಕೊಟ್ಟ. ಎರಡು ಬೀದಿ ಆಚೆಗೆ ಇಂಗ್ಲಿಷ್ ಬಲ್ಲ ಡಾಕ್ಟರು ಇದ್ದಾರೆ ಎಂದು ಸನ್ನೆ ಮಾಡಿದ.

ಕಾಗದದ ಡಾಕ್ಟರು

ಮರುದಿನ ಹೋದೆವು. ಬಾಗಿಲಲ್ಲೇ ಇಂಗ್ಲಿಷ್ ಬರುತ್ತದೆ ಎಂದು ಫಲಕ ಹಾಕಿತ್ತು. ಡಾಕ್ಟರು ವಯಸ್ಸಾದವರು, ಟೈ ಕಟ್ಟಿದ್ದರು. ನಾನು ಸಿಸ್ಟರು ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, ಪೂರ್ತಿ ವಾಕ್ಯದಲ್ಲಿ ನನ್ನ ತೊಂದರೆ ಹೇಳಿದೆ. ಅವರು ಶಾಂತವಾಗಿ ಕೇಳಿ, ಒಂದು ಬಿಳಿ ಹಾಳೆ ಪೆನ್ನು ನನ್ನ ಮುಂದೆ ಸರಿಸಿದರು.

ಅವರಿಗೆ ಇಂಗ್ಲಿಷ್ ಓದಲು ಬರೆಯಲು ಬರುತ್ತಿತ್ತು, ಮಾತಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಅವರು ಮುತ್ತಿನಂಥ ಅಕ್ಷರದಲ್ಲಿ ಒಂದು ಪ್ರಶ್ನೆ ಬರೆದರು: ಯಾವಾಗ ಶುರುವಾಯಿತು? ನಾನು ಉತ್ತರ ಬರೆದೆ. ಹೊಸದೇನಾದರೂ ತಿಂದಿರಾ? ಬರೆದೆ. ಹೊಸ ಸಾಬೂನು? ಇಲ್ಲ ಎಂದು ಬರೆದೆ. ಕಾನ್ವೆಂಟಿನ ಒಂದಕ್ಕೊಂದು ಹೆಣೆದ ಅಕ್ಷರ ನನ್ನ ಕೈಗೆ ಮರೆತಿರಲಿಲ್ಲ, ಗುಳ್ಳೆ ಚುಚ್ಚುತ್ತಿದ್ದರೂ ಮೂರು ಬೆರಳಲ್ಲಿ ಪೆನ್ನು ಹಿಡಿದು ಬರೆದೆ. ಇಬ್ಬರೂ ಪರೀಕ್ಷೆಯ ಕೋಣೆಯಲ್ಲಿ ಕೂತಂತೆ ತಲೆ ಬಗ್ಗಿಸಿ ಬರೆಯುತ್ತಿದ್ದರೆ, ಎಮಿನೆಯಕ್ಕ ನಡುವೆ ಕೂತು ಹಾಳೆ ಆ ಕಡೆ ಈ ಕಡೆ ಹೋಗುವುದನ್ನು ಚೆಂಡಾಟ ನೋಡಿದ ಹಾಗೆ ನೋಡುತ್ತಿದ್ದಳು.

ಎರಡು ಹಾಳೆ ತುಂಬಿದ ಮೇಲೆ ಅವರು ಎಲ್ಲವನ್ನೂ ಮತ್ತೊಮ್ಮೆ ಓದಿ, ಕೊನೆಯಲ್ಲಿ ಬರೆದರು: ನಿಮ್ಮ ಭಾಷೆ ಬಹಳ ಸುಂದರವಾಗಿದೆ, ಆದರೆ ನಾನು ಚರ್ಮದ ಡಾಕ್ಟರಲ್ಲ. ಅದರ ಕೆಳಗೆ ಇಜ್ಮಿರ್ ಪಟ್ಟಣದ ಒಬ್ಬ ಡಾಕ್ಟರಮ್ಮನ ವಿಳಾಸ. ಅಂಟುವುದೋ ಇಲ್ಲವೋ ಎಂದು ಬರೆದು ಕೇಳಿದೆ. ಆಕೆಯೇ ಹೇಳಬೇಕು ಎಂದು ಬರೆದರು. ನನ್ನ ಹಾಳೆಗಳನ್ನು ಮಾತ್ರ ವಾಪಸು ಕೊಡಲಿಲ್ಲ. ಮೊಮ್ಮಗಳಿಗೆ ತೋರಿಸುತ್ತೇನೆ ಎಂದು ಖಾನೆಯೊಳಗೆ ಇಟ್ಟುಕೊಂಡರು. ನಲವತ್ತೆರಡನೇ ವಯಸ್ಸಿನಲ್ಲಿ ಅಕ್ಷರಕ್ಕೆ ಶಭಾಷ್ ಪಡೆದು, ರೋಗ ಇದ್ದ ಹಾಗೇ ಇಟ್ಟುಕೊಂಡು, ಕುಣಿಯುವ ಹೆಜ್ಜೆಯಲ್ಲಿ ಮನೆಗೆ ಬಂದೆ.

ಇಜ್ಮಿರ್

ಡಾಕ್ಟರಮ್ಮನ ಭೇಟಿ ಎರಡು ದಿನ ಬಿಟ್ಟು ಸಿಕ್ಕಿತು. ಮೆಹಂದಿಗೆ ಒಂದು ವಾರ ಉಳಿದಿತ್ತು. ದೊಡ್ಡ ಬಸ್ಸಿನಲ್ಲಿ ಹೊರಟೆವು. ಬಸ್ಸಿನವನು ಕಲೋನಿನ ಬಾಟಲಿ ಹಿಡಿದು ಸೀಟಿನಿಂದ ಸೀಟಿಗೆ ಬರುವುದು ಕಂಡೊಡನೆ ಎಮಿನೆಯಕ್ಕ ನನ್ನೆರಡೂ ಕೈಗಳನ್ನು ತನ್ನ ಸೆರಗಿನಂಥ ಶಾಲಿನೊಳಗೆ ಬಚ್ಚಿಟ್ಟು, ನನ್ನ ಪಾಲನ್ನೂ ತಾನೇ ಸುರಿಸಿಕೊಂಡಳು. ಇಜ್ಮಿರ್ ಮುಟ್ಟುವವರೆಗೂ ನಿಂಬೆಹಣ್ಣಿನ ಬುಟ್ಟಿಯ ಪಕ್ಕ ಕೂತಂತೆ ಇತ್ತು.

ಡಾಕ್ಟರಮ್ಮ ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದವರು. ಬಾಗಿಲು ತೆರೆಯುತ್ತಲೇ, ಬನ್ನಿ, ಪ್ರಯಾಣ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಷ್ಟೋ ದಿನ ಮುಚ್ಚಿದ್ದ ಕಿವಿ ತೆರೆದ ಹಾಗಾಯಿತು. ಎಮಿನೆಯಕ್ಕನನ್ನು ಹೊರಗೆ ಕೂರಿಸಿ ನಾನು ಒಳಗೆ ಹೋದೆ. ಅವರು ಕೈಯನ್ನು ದೀಪದ ಕೆಳಗಿಟ್ಟು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಯಾವ ಗಿಡ ಮುಟ್ಟಿದ್ದಿರಿ?"

"ದ್ರಾಕ್ಷಿಯ ಎಲೆ ಬಿಡಿಸಿದ್ದೆ."

"ದ್ರಾಕ್ಷಿ ಹೀಗೆ ಮಾಡುವುದಿಲ್ಲ. ಬೇರೆ?"

"ಬೇರೆ ಯಾವುದೂ ಇಲ್ಲ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಅಂಜೂರವನ್ನು ನಾನು ಗಿಡವೆಂದು ಮುಟ್ಟಿರಲಿಲ್ಲ, ದೇವರೆಂದು ಮುಟ್ಟಿದ್ದೆ. ದೇವರು ಕೈ ಸುಡುತ್ತಾನೆ ಎಂದು ಯಾರಿಗೆ ಹೊಳೆಯುತ್ತದೆ? ಇನ್ನೂ ಒಂದು ಕಾರಣ ಇತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಕಾನ್ವೆಂಟಿನಲ್ಲಿ 'ನನ್ನ ಮೆಚ್ಚಿನ ಹಬ್ಬ' ಎಂದು ಪ್ರಬಂಧ ಬರೆಯಲು ಹೇಳಿದರೆ ನಾವೆಲ್ಲ ದೀಪಾವಳಿ ಅಥವಾ ಕ್ರಿಸ್‌ಮಸ್ ಬರೆಯುತ್ತಿದ್ದೆವು. ಕಾರಹುಣ್ಣಿಮೆ ಬರೆಯಬೇಡಿ ಎಂದು ಯಾವ ಸಿಸ್ಟರೂ ಹೇಳಿರಲಿಲ್ಲ. ಅದು ಇಂಗ್ಲಿಷಿನಲ್ಲಿ ಆಡುವ ಸಂಗತಿಯೇ ಅಲ್ಲ ಎಂದು ನಾವಾಗಿಯೇ ಕಲಿತುಕೊಂಡಿದ್ದೆವು. ಎಷ್ಟೇ ಚೆನ್ನಾಗಿ ಇಂಗ್ಲಿಷ್ ಬಲ್ಲ ಡಾಕ್ಟರು ಸಿಕ್ಕರೂ, ನನ್ನ ಇಂಗ್ಲಿಷಿನೊಳಗೆ ಆ ಬೆಳಗಿನ ದಾರಕ್ಕೆ ಜಾಗ ಇರಲಿಲ್ಲ.

"ಇಲ್ಲಿ ನೋಡಿ," ಎಂದರು ಡಾಕ್ಟರಮ್ಮ, "ಇದು ಏನೋ ಹರಿದ ಗೆರೆ. ಇದು ಎಲೆ ತೀಡಿದ ಗುರುತು. ಮಣಿಕಟ್ಟಿನಲ್ಲಿ ಇದು ಬೆರಳಿನಿಂದ ಸವರಿದ್ದು. ನಿಮ್ಮ ಕೈ ಎಲ್ಲ ಹೇಳುತ್ತಿದೆ, ನೀವೊಬ್ಬರೇ ಹೇಳುತ್ತಿಲ್ಲ."

ಅವರು ಎದ್ದು ಎಮಿನೆಯಕ್ಕನನ್ನು ಒಳಗೆ ಕರೆದು ತಮ್ಮ ಭಾಷೆಯಲ್ಲಿ ಕೇಳಿದರು. ಎಮಿನೆಯಕ್ಕ ಹುಬ್ಬು ಏರಿಸಿ 'ಚ್' ಎಂದಳು. ಡಾಕ್ಟರಮ್ಮ ಸ್ವಲ್ಪ ಗಡುಸಾಗಿ ಮತ್ತೆ ಕೇಳಿದರು. ಎಮಿನೆಯಕ್ಕ ನನ್ನ ಮುಖ ನೋಡಿದಳು. ಹೇಳಲೇ ಬೇಡವೇ ಎಂದು ಕೇಳುವ ನೋಟ. ಆಮೇಲೆ ಕೈಚೀಲ ಕೆಳಗಿಟ್ಟು, ಡಾಕ್ಟರಮ್ಮನ ಕುರ್ಚಿಯ ಸುತ್ತ, ಬೆರಳಿನಲ್ಲಿ ಇಲ್ಲದ ದಾರ ಹಿಡಿದು, ಬಗ್ಗಿ ಬಗ್ಗಿ ಸುತ್ತತೊಡಗಿದಳು. ಒಂದು, ಎರಡು, ಮೂರು. ಏಳು ಸುತ್ತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕೊನೆಗೆ ನಾನು ಮಾಡಿದಂತೆಯೇ ಎರಡೂ ಕೈ ಜೋಡಿಸಿ ಕುರ್ಚಿಗೆ ನಮಸ್ಕಾರ ಮಾಡಿದಳು.

ಅವತ್ತು ಬೆಳಿಗ್ಗೆ ನಾನು ದಾರ ಸುತ್ತಿದ್ದನ್ನು ಅಡಿಗೆಮನೆಯ ಕಿಟಕಿಯಿಂದ ಆಕೆ ನೋಡಿದ್ದಳು.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕಾರಹುಣ್ಣಿಮೆಯನ್ನು ಜೀವನದಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ಹೇಳಿದೆ. ಯಮನ ಹಿಂದೆ ಹೋಗಿ ಗಂಡನನ್ನು ಬಿಡಿಸಿಕೊಂಡು ಬಂದ ಸಾವಿತ್ರಿಯನ್ನು ಹೇಳಿದೆ, ಬಬಲೇಶ್ವರದ ಆಲವನ್ನು ಹೇಳಿದೆ, ಹಾಲು ಬರುವ ಗಿಡ ನೋಡು ಎಂದ ಅತ್ತೆಯನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅದು ಅಷ್ಟೇನೂ ಕಷ್ಟವಿರಲಿಲ್ಲ.

"ಅಂದರೆ ಹಾಲು ಬರುತ್ತದೆಯೇ ನೋಡಲು ಎಲೆ ಮುರಿದಿರಿ" ಎಂದರು ಡಾಕ್ಟರಮ್ಮ.

"ಹೌದು. ಮೂರು ಎಲೆ."

"ಹಾಲು ಬಂತು."

"ಬಹಳ ಬಂತು."

"ಅದನ್ನು ಏನು ಮಾಡಿದಿರಿ?"

"ಎರಡೂ ಕೈಗೆ ಸವರಿಕೊಂಡೆ."

ಅವರು ಹಣೆಗೆ ಕೈ ಇಟ್ಟುಕೊಂಡರು. ಆಮೇಲೆ ನಗು ತಡೆಯಲಾಗದೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅಂಜೂರದ ಹಾಲು ಮೈಗೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗುತ್ತದಂತೆ. ಈ ಸೀಮೆಯಲ್ಲಿ ಮಕ್ಕಳಿಗೆ ನಡೆಯಲು ಬಂದೊಡನೆ ಹೇಳಿಕೊಡುವ ಮೊದಲ ಬುದ್ಧಿಯೇ ಅದಂತೆ. ದ್ರಾಕ್ಷಿ ಎಲೆಯ ತಪ್ಪಿಲ್ಲ. ಅಂಟುವುದಿಲ್ಲ.

ಅಂಟುವುದಿಲ್ಲ ಎಂಬುದನ್ನು ಇನ್ನೊಮ್ಮೆ ಎಮಿನೆಯಕ್ಕನಿಗೆ ಅವರ ಭಾಷೆಯಲ್ಲಿ ಹೇಳಿ ಎಂದು ಬೇಡಿಕೊಂಡೆ. ಹೇಳಿದರು. ಮುಂದಿನ ವಾರ ಮೆಹಂದಿ ಹಚ್ಚಬಹುದೇ ಎಂದು ಕೇಳಿದೆ.

"ಅವಳ ಕೈಗೆ ಹಚ್ಚಿ, ನಿಮ್ಮ ಕೈಗೆ ಬೇಡ. ಈ ಮುಲಾಮು ಹಚ್ಚಿಕೊಳ್ಳಿ, ಗುಳ್ಳೆ ಒಡೆಯಬೇಡಿ, ಬಿಸಿಲಿಗೆ ಹೋಗಬೇಡಿ. ಆ ದಿನಕ್ಕೆ ಬೆರಳು ಬಾಗಿದರೆ ಹಚ್ಚುತ್ತೀರಿ. ಬಾಗದಿದ್ದರೆ ನಾನೇನೂ ಮಾಡಲಾರೆ." ಆಮೇಲೆ ಚೀಟಿ ಬರೆಯುತ್ತ ಕೇಳಿದರು, "ಯಜಮಾನರು ಹೇಗಿದ್ದಾರೆ?"

"ಆರಾಮವಾಗಿದ್ದಾರೆ."

"ಹಾಗಾದರೆ ವ್ರತ ಫಲಿಸಿದೆ. ಮುಂದಿನ ವರ್ಷ ಉದ್ದ ತೋಳಿನ ಕುಪ್ಪಸ ತೊಟ್ಟುಕೊಳ್ಳಿ."

ಹೊರಗೆ ಸಮುದ್ರದ ದಂಡೆಯ ಬೆಂಚಿನ ಮೇಲೆ, ನೆರಳು ನೋಡಿ ಕೂತೆವು. ನೋಡಿದ್ದವಳು ಯಾಕೆ ಸುಮ್ಮನಿದ್ದೆ ಎಂದು ಎಮಿನೆಯಕ್ಕನನ್ನು ಕೇಳಿದೆ. ಫೋನು, ಕೈ, ಹುಬ್ಬು ಎಲ್ಲ ಬಳಸಿ ಆಕೆ ಹೇಳಿದ್ದು ಇಷ್ಟು:

"ಗಿಡಕ್ಕ ಬೇಡಿಕೊಂಡದ್ದು ಮಂದಿ ಬಾಯಾಗ ಬರಬಾರದು ಸುನಂದಾಬಾಯಿ. ಬಂದ್ರ ಕೆಟ್ಟ ಹೋಕ್ಕೈತಿ. ನಮ್ಮಲ್ಲೂ ಗಿಡಕ್ಕ ಅರಿವಿ ಚೂರು ಕಟ್ಟತೀವಿ, ಯಾಕಂತ ಯಾರಿಗೂ ಹೇಳಂಗಿಲ್ಲ. ನಿಂದ ನಾ ಹೆಂಗ ಹೇಳ್ಲಿ? ನೀ ಎಲಿ ಮುರದದ್ದು ನಾ ಕಂಡಿಲ್ಲ. ಕಂಡಿದ್ರ ಬರಿಗಾಲಾಗ ಓಡಿ ಬರತಿದ್ದೆ."

ನಾಚಿಕೆಯಿಂದ ನಾನು ಬಾಯಿ ಮುಚ್ಚಿಕೊಂಡಿದ್ದೆ, ನನ್ನ ಹರಕೆ ಕೆಡಬಾರದೆಂದು ಆಕೆ ಬಾಯಿ ಮುಚ್ಚಿಕೊಂಡಿದ್ದಳು. ಯಾರಾದರೊಬ್ಬರು ಬಾಯಿ ಬಿಟ್ಟಿದ್ದರೆ ಅಂಗಳದಲ್ಲೇ ಮುಗಿಯುತ್ತಿತ್ತು.

ಸ್ವಲ್ಪ ಹೊತ್ತು ಬಿಟ್ಟು ಆಕೆ ಮೆಲ್ಲಗೆ ಕೇಳಿದಳು, "ಹಂಗಾರ ನನ್ನ ದ್ರಾಕ್ಷಿ ಎಲಿ ಚಲೋ ಅದಾವ?"

"ಚಲೋ ಅದಾವ, ಎಮಿನೆಯಕ್ಕ."

ಆಕೆ ಶಾಲಿನಿಂದ ಮುಖ ಮುಚ್ಚಿಕೊಂಡು ನಕ್ಕಳು. ನಕ್ಕಳೋ ಅತ್ತಳೋ, ನಾನು ಶಾಲು ಸರಿಸಿ ನೋಡಲಿಲ್ಲ. ಮನೆಗೆ ಬಂದದ್ದೇ ಭರಣಿಗಳನ್ನೆಲ್ಲ ಹಿತ್ತಲಿನಿಂದ ಒಳಗೆ ತಂದು ಒರೆಸಿ ಸಾಲಾಗಿ ಇಟ್ಟಳು. ನಾನು ಅಂಜೂರದ ಗಿಡವನ್ನು ದೂರದಿಂದ ನೋಡಿದೆ. ನನ್ನ ಅರಿಷಿಣದ ದಾರದ ಕೆಳಗೆ ಒಂದು ಕೆಂಪು ಅರಿವೆಯ ಚೂರು ಕಟ್ಟಿತ್ತು. ಹುಣ್ಣಿಮೆಯ ದಿನ ಅದು ಇರಲಿಲ್ಲ. ಯಾರದು, ಯಾವಾಗ ಕಟ್ಟಿದ್ದು ಎಂದು ಕೇಳಿದೆ. ಎಮಿನೆಯಕ್ಕನ ಹುಬ್ಬು ಮೇಲೇರಿತು. 'ಚ್.'

ಅಂದು ಫೋನಿನಲ್ಲಿ ಅತ್ತೆಯವರಿಗೆ ಎಲ್ಲ ಹೇಳಿದೆ. ಅವರು, "ಹಾಲು ಬರೂ ಗಿಡಾ ನೋಡು ಅಂದಿದ್ದೆ, ಹಚ್ಚಗೋ ಅಂತ ಹೇಳಿದ್ನೇನು?" ಎಂದು ನನ್ನ ಮೇಲೆಯೇ ಹಾಕಿದರು.

ಮೆಹಂದಿ

ಆ ವಾರ ಪೂರ್ತಿ ನಾನು ಪರದೆ ಎಳೆದ ಕೋಣೆಯಲ್ಲಿ ಕೂತೆ. ನಮ್ಮವರೇ ಅಡಿಗೆ ಮಾಡಿದರು. ಅವರು ಮಾಡಿದ ಜೋಳದ ರೊಟ್ಟಿಗೆ ಟರ್ಕಿಯ ನಕಾಶೆಯ ಆಕಾರ ಬಂದಿತ್ತು. ದಿನಾ ಬೆಳಿಗ್ಗೆ ಜೆಯ್ನೆಪ್ ಮೇಲೆ ಬಂದು, ಮಾತಿಲ್ಲದೆ ನನ್ನ ಮುಂದೆ ತನ್ನ ತೋರುಬೆರಳು ಬಾಗಿಸಿ ತೋರಿಸುತ್ತಿದ್ದಳು. ನಾನೂ ಬಾಗಿಸಲು ನೋಡುತ್ತಿದ್ದೆ. ಅರ್ಧಕ್ಕೆ ನಿಲ್ಲುತ್ತಿತ್ತು. ನಾಲ್ಕನೇ ದಿನ ದೊಡ್ಡ ಗುಳ್ಳೆ ಬತ್ತಿತು. ಮೆಹಂದಿಯ ಹಿಂದಿನ ದಿನ ಬೆರಳು ಪೂರ್ತಿ ಬಾಗಿತು. ಜೆಯ್ನೆಪ್ ಮೆಟ್ಟಿಲು ಇಳಿದ ಸದ್ದು ಆಚೆ ಮನೆಗೂ ಕೇಳಿರಬೇಕು.

ಅವರ ಮೆಹಂದಿಪುಡಿಗೆ ನಮ್ಮ ಪದ್ಧತಿಯಂತೆ ಚಹಾದ ಡಿಕಾಕ್ಷನ್ ಹಾಕಿ ಕಲಸಿದೆ. ಊಟವಾದ ಮೇಲೆ ಬರೆಯಲು ಕೂತವಳು ಬಿಸಿಲು ಇಳಿಯುವತನಕ ಬರೆದೆ. ದ್ರಾಕ್ಷಿ ಬಳ್ಳಿಯನ್ನು ಮೊಣಕೈತನಕ ಹಬ್ಬಿಸಿದೆ. ಅಂಗೈಯ ನಡುವೆ ಒಂದು ಅಂಜೂರದ ಎಲೆ ಬರೆದು, ಅದರ ಸುತ್ತ ಏಳು ಗೆರೆ ಎಳೆದೆ. ಸುತ್ತ ಕೂತ ಹೆಂಗಸರು ಹಾಡು ಹೇಳುತ್ತಿದ್ದರು. ಆ ಹಾಡು ಮದುವಣಗಿತ್ತಿಯನ್ನು ಅಳಿಸಲಿಕ್ಕೇ ಇರುವುದು. ಅವಳು ಅಳದಿದ್ದರೆ ಶಾಸ್ತ್ರ ಕೂಡಿಬರುವುದಿಲ್ಲವಂತೆ. ನಮ್ಮಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ತಾನಾಗಿಯೇ ಬರುವ ಅಳು ಅವರಲ್ಲಿ ಹಾಡಿ ಬರಿಸಿಕೊಳ್ಳುವಂಥದು. ಜೆಯ್ನೆಪ್ ಬಿಕ್ಕಿದಾಗಲೆಲ್ಲ ನನ್ನ ಬಳ್ಳಿ ಓಲಾಡುತ್ತಿತ್ತು. ಅಲ್ಲಲ್ಲಿ ಎಲೆ ಸೊಟ್ಟಗಾಗಿದ್ದು ಅದಕ್ಕೇ.

ಬೀಗತಿಯೂ ಬಂದಿದ್ದಳು. ಜೊತೆಗೆ ಅವಳ ತಾಯಿ, ಹಲ್ಲಿಲ್ಲದ ಮುದುಕಿ. ಮುದುಕಿ ಜೆಯ್ನೆಪ್‌ಳ ಕೈ ನೋಡಿ ತೃಪ್ತಿಪಟ್ಟು, ಆಮೇಲೆ ನನ್ನ ಕೈ ಹಿಡಿದಳು. ಗುಳ್ಳೆ ಮಾಯ್ದ ಜಾಗದಲ್ಲಿ ಕಂದು ಬಣ್ಣದ ಗೆರೆಗಳು ಉಳಿದಿದ್ದವು, ಮಣಿಕಟ್ಟಿನ ಸುತ್ತ ಬಳೆ ಬರೆದ ಹಾಗೆ. ಈ ಮೆಹಂದಿ ಯಾರು ಹಚ್ಚಿದರು ಎಂದು ಕೇಳಿದಳು. ಅಷ್ಟು ನನಗೆ ತಿಳಿಯಿತು. ಉತ್ತರಕ್ಕೆ ಬೇಕಾದ ಶಬ್ದವೂ ನನ್ನ ನಲವತ್ತರಲ್ಲಿ ಇತ್ತು. ಕಿಟಕಿಯ ಹೊರಗೆ ಬೆರಳು ತೋರಿಸಿ, ಅಂಜೂರದ ಗಿಡ ಎಂದೆ.

ಒಂದು ಗಳಿಗೆ ಹಾಡು ನಿಂತಿತು. ಆಮೇಲೆ ಎದ್ದ ನಗೆಯಲ್ಲಿ ಮದುವಣಗಿತ್ತಿ ಕೂಡ ಅಳುವುದನ್ನು ಮರೆತಳು. ಮುದುಕಿ ನಗುತ್ತ ತನ್ನ ತೋಳು ಮಡಚಿ, ಮೊಣಕೈ ಹತ್ತಿರ ತಾನು ಚಿಕ್ಕವಳಿದ್ದಾಗ ಆದ ಅಂಥದೇ ಮಾಸಿದ ಗುರುತು ತೋರಿಸಿದಳು. ಬೀಗತಿ ಎದ್ದು ಹೋಗಿ ಚಹಾ ತಂದು, ಮೊದಲ ಗ್ಲಾಸು ನನ್ನ ಕೈಗೆ ಕೊಟ್ಟಳು. ಎರಡನೆಯದನ್ನು ತಾನು ತೆಗೆದುಕೊಂಡು ನನ್ನ ಪಕ್ಕ ಕೂತಳು.

ಮರುದಿನ ಬೆಳಿಗ್ಗೆ ಮೆಹಂದಿ ಉದುರಿಸಿದಾಗ ಜೆಯ್ನೆಪ್‌ಳ ಕೈ ಇಟ್ಟಿಗೆಯ ಹಾಗೆ ಕೆಂಪಗೆ ಬಂದಿತ್ತು. ಎಮಿನೆಯಕ್ಕ ಮಗಳ ಕೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. ಕೈಗೆ ಹಳೆಯ ಕಾಲುಚೀಲ ಹಾಕಿಕೊಂಡು ಅಂಗಳಕ್ಕಿಳಿದು, ಎಲೆಗಳ ನಡುವೆ ತೂರಿ, ಗಿಡದಿಂದ ಆ ಕೆಂಪು ಅರಿವೆಯ ಚೂರನ್ನು ಬಿಚ್ಚಿದಳು. ಬೇಡಿಕೊಂಡದ್ದು ನಡೆದ ಮೇಲೆ ಬಿಚ್ಚುವುದು ಅವರ ರೂಢಿ ಎಂದು ಜೆಯ್ನೆಪ್ ನನಗೆ ತಿಳಿಸಿದಳು.

ಎಮಿನೆಯಕ್ಕ ಅದನ್ನು ತಂದು ನನ್ನ ಮಣಿಕಟ್ಟಿನ ಕಂದು ಗೆರೆಯ ಮೇಲೆ ಕಟ್ಟಿದಳು.

"ಈಗ ಹೇಳಬಹುದು, ನಾ ಏನ್ ಬೇಡ್ಕೊಂಡಿದ್ದೆ ಅಂತ" ಎಂದಳು.

ಈ ಸಲ ಹುಬ್ಬು ಏರಿಸಿದವಳು ನಾನು.